ಹಚ್ಚೆಯ ಸೂಜಿ, ಕಿವಿ ಚುಚ್ಚುವ ಸೂಜಿ: ಕೂರುವ ಮೊದಲು ಕೇಳಿ ತಿಳಿಯಿರಿ



ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವುದು ನಿಮಗೆಲ್ಲ ತಿಳಿದ ಸಂಗತಿ. ದೊಡ್ಡ ಬಸವಣ್ಣನಿಗೆ ಹೊಸ ಕಾಯಿ ಒಪ್ಪಿಸಿ, ಉಳಿದುದನ್ನು ರಸ್ತೆಯ ಎರಡು ಬದಿಗೂ ರಾಶಿ ಹಾಕಿ ಮಾರುವ ರೈತರು ಹಲವಾರು ಜಿಲ್ಲೆಗಳಿಂದ ಬರುತ್ತಾರೆ. ಕಾಯಿ ಮಾರಿದ ಹಣ ಕೈಗೆ ಬಂದ ಮೇಲೆ ಮಕ್ಕಳಿಗೆ ಪೀಪಿ, ಹೆಣ್ಣುಮಕ್ಕಳಿಗೆ ಬಳೆ ಕೊಳ್ಳುವುದು ಪದ್ಧತಿ. ಜಾತ್ರೆಯ ಆ ಸಾಲಿನಲ್ಲೇ ಸಣ್ಣದೊಂದು ಯಂತ್ರ ಇಟ್ಟುಕೊಂಡು ಹಚ್ಚೆ ಹಾಕುವವರೂ ಕುಳಿತಿರುತ್ತಾರೆ. ಹರೆಯದ ಹುಡುಗರು ಅಲ್ಲಿ ನಿಲ್ಲುತ್ತಾರೆ. ಒಬ್ಬ ತಾಯಿಯ ಹೆಸರು ಬರೆಸಿಕೊಳ್ಳುತ್ತಾನೆ, ಇನ್ನೊಬ್ಬ ತ್ರಿಶೂಲ ಹಾಕಿಸಿಕೊಳ್ಳುತ್ತಾನೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಅದೇ ಸೂಜಿ ಅವನ ಹಿಂದೆ ನಿಂತವನ ಕೈಗೂ ಹೋಗುತ್ತದೆಯೇ ಎಂದು ಕೇಳುವವರು ಕಡಿಮೆ.

ಪರಿಷೆಯ ಮಾತು ಹಾಗಿರಲಿ. ಮದುವೆಯ ಬಟ್ಟೆಗೆಂದು ಚಾಮರಾಜಪೇಟೆ ಪಕ್ಕದ ಪೇಟೆ ಬೀದಿಗಳಿಗೆ, ಹೂವು ಹಣ್ಣಿನ ವ್ಯಾಪಾರಕ್ಕೆಂದು ಗಾಂಧಿಬಜಾರಿಗೆ, ನೆಂಟರ ಮನೆಗೆಂದು ಮಲ್ಲೇಶ್ವರಕ್ಕೆ ನಾವು ಹೋಗುತ್ತಲೇ ಇರುತ್ತೇವೆ. ಅಲ್ಲಿ ಮಗುವಿನ ಕಿವಿ ಚುಚ್ಚುವ ಅಕ್ಕಸಾಲಿಗರುಂಟು, ಗಾಜಿನ ಬಾಗಿಲಿನ ಹೊಸ ಹಚ್ಚೆ ಅಂಗಡಿಗಳೂ ಉಂಟು. ಆದುದರಿಂದ ಈ ಪಾಠವನ್ನು ಪಟ್ಟಣದವರಿಗೆ ಮಾತ್ರ ಸೇರಿದ್ದೆಂದು ಬಿಡಬೇಡಿರಿ. ಸೂಜಿಗೆ ಮೈಯೊಡ್ಡುವವರಲ್ಲಿ ನಮ್ಮವರೂ ಇದ್ದಾರೆ. ಸೂಜಿ ಹಿಡಿಯುವ ಕೆಲಸಕ್ಕೆ ಸೇರುವ ಹುಡುಗರಲ್ಲಿಯೂ ನಮ್ಮವರು ಇರುತ್ತಾರೆ.

ಹಚ್ಚೆ ಹೊಸದಲ್ಲ

ನಿಮ್ಮ ಅಜ್ಜಿಯ ಮುಂಗೈಯನ್ನು ನೆನಪಿಸಿಕೊಳ್ಳಿರಿ. ಹಸಿರು ಬಣ್ಣದ ಚುಕ್ಕಿ, ರಂಗೋಲಿ, ತೇರು, ತೊಟ್ಟಿಲು, ಅಣ್ಣತಮ್ಮಂದಿರ ಹೆಸರು ಅಲ್ಲಿ ಇದ್ದಿರಬೇಕು. ಸುಗ್ಗಿ ಮುಗಿದ ಮೇಲೆ ಹಚ್ಚೆ ಹಾಕುವ ಹೆಂಗಸರು ಊರೂರು ತಿರುಗುತ್ತಿದ್ದರು. ಎರಡು ಮೂರು ಸೂಜಿಗಳನ್ನು ದಾರದಿಂದ ಕಟ್ಟಿ, ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ನೋವು ಮರೆಯಲೆಂದು ಹಾಡು ಹೇಳುತ್ತ ಚುಚ್ಚುತ್ತಿದ್ದರು. ಕೂಲಿಯೆಂದು ಒಂದು ಮೊರ ರಾಗಿ ಕೊಡುತ್ತಿದ್ದರು. "ಸತ್ತ ಮೇಲೆ ಜೊತೆಗೆ ಬರುವುದು ಹಚ್ಚೆಯೊಂದೇ" ಎನ್ನುತ್ತಿದ್ದರು ಹಿರಿಯರು.

ಈ ಪದ್ಧತಿಯನ್ನು ನಾವು ಹಳಿಯುವುದಿಲ್ಲ. ಆದರೆ ಒಂದು ಮಾತು ನಿಜ. ಆ ಸೂಜಿಯ ಕಟ್ಟು ಒಂದು ಮನೆಯಿಂದ ಇನ್ನೊಂದು ಮನೆಗೆ, ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತಿತ್ತು. ಯಾರಿಗೆ ಯಾವ ಕಾಯಿಲೆ ಇತ್ತು, ಅದು ಯಾರಿಗೆ ಅಂಟಿತು ಎಂಬುದನ್ನು ಯಾರೂ ಬರೆದಿಡಲಿಲ್ಲ. "ನಮ್ಮ ಅಜ್ಜಿಗೆ ಏನೂ ಆಗಲಿಲ್ಲ" ಎಂದು ಹೇಳುವವರು, ಕಾಮಾಲೆಯಿಂದ ಸತ್ತ ಅಜ್ಜಿಯರ ಕೈ ನೋಡಿದವರಲ್ಲ. ರಕ್ತದ ಮೂಲಕ ಹರಡುವ ರೋಗಾಣುಗಳ ವಿಷಯ ಆಗ ತಿಳಿದಿರಲಿಲ್ಲ. ಈಗ ತಿಳಿದಿದೆ. ತಿಳಿದ ಮೇಲೂ ಹಳೆಯಂತೆ ನಡೆದರೆ ತಪ್ಪು ನಮ್ಮದು.

ಚರ್ಮದಲ್ಲಿ ಏನಾಗುತ್ತದೆ?

ನಮ್ಮ ಚರ್ಮ ಹೊಲದ ಬೇಲಿಯಂತೆ. ಬೇಲಿ ಗಟ್ಟಿಯಾಗಿರುವ ತನಕ ದನ ಒಳಗೆ ಬಾರದು. ಚರ್ಮದ ಮೇಲ್ಪದರ ದಿನವೂ ಸವೆದು ಉದುರುತ್ತಿರುತ್ತದೆ. ಬಣ್ಣ ಅಲ್ಲಿ ನಿಲ್ಲುವುದಿಲ್ಲ. ಆದಕಾರಣ ಹಚ್ಚೆಯ ಸೂಜಿ ಮೇಲ್ಪದರವನ್ನು ದಾಟಿ, ಒಂದೆರಡು ಮಿಲಿಮೀಟರ್ ಆಳದಲ್ಲಿ ರಕ್ತನಾಳಗಳಿರುವ ಒಳಪದರಕ್ಕೆ ಬಣ್ಣ ಇಳಿಸುತ್ತದೆ. ಯಂತ್ರದ ಸೂಜಿ ಒಂದು ನಿಮಿಷಕ್ಕೆ ಸಾವಿರಾರು ಸಲ ಚುಚ್ಚಬಲ್ಲದು. ಎಂದರೆ ಅಂಗೈಯಗಲದ ಒಂದು ಚಿತ್ರ ಮುಗಿಯುವಷ್ಟರಲ್ಲಿ ಬೇಲಿಯಲ್ಲಿ ಲೆಕ್ಕವಿಲ್ಲದಷ್ಟು ಕಂಡಿಗಳು ಬಿದ್ದಿರುತ್ತವೆ. ಹಚ್ಚೆ ನೋಡಲು ಚಿತ್ರ. ಮೊದಲ ಎರಡು ಮೂರು ವಾರ ಅದು ಗಾಯ.

ಸೂಜಿಗೆ ಕಣ್ಣಿಗೆ ಕಾಣುವಷ್ಟು ರಕ್ತ ಹತ್ತಬೇಕೆಂದಿಲ್ಲ. ಒಂದು ಗಡಿಗೆ ಹಾಲು ಮೊಸರಾಗಲು ಎಷ್ಟು ಹೆಪ್ಪು ಬೇಕು? ಬೆರಳ ತುದಿಯಷ್ಟು ಸಾಕು. ರೋಗಾಣುವಿನ ಲೆಕ್ಕವೂ ಹಾಗೆಯೇ. ಒರೆಸಿದ ಸೂಜಿ ಥಳಥಳ ಹೊಳೆಯುತ್ತಿರಬಹುದು. ಹೊಳಪು ಬೇರೆ, ಶುದ್ಧಿ ಬೇರೆ.

ಯಾವ ಯಾವ ಕಾಯಿಲೆ?

ಸೂಜಿಯೆಂದೊಡನೆ ಜನ ಹೆದರುವುದು ಏಡ್ಸ್ ತರುವ ಎಚ್.ಐ.ವಿ.ಗೆ. ಹೆದರಿಕೆ ಸರಿಯೇ. ಆದರೆ ಅದಕ್ಕಿಂತ ಸುಲಭವಾಗಿ ಅಂಟುವ ಇನ್ನೊಂದು ರೋಗವಿದೆ. ಅದು ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ಎಂಬ ಕಾಮಾಲೆ. ಆಸ್ಪತ್ರೆಯ ನೌಕರರಿಗೆ ಆಕಸ್ಮಿಕವಾಗಿ ಸೂಜಿ ಚುಚ್ಚಿದ ಪ್ರಸಂಗಗಳನ್ನು ಲೆಕ್ಕ ಹಾಕಿ ವೈದ್ಯರು ಹೀಗೆ ಹೇಳುತ್ತಾರೆ: ಎಚ್.ಐ.ವಿ. ಇರುವವರ ರಕ್ತ ಹತ್ತಿದ ಸೂಜಿ ಸಾವಿರ ಮಂದಿಗೆ ಚುಚ್ಚಿದರೆ ಸುಮಾರು 3 ಮಂದಿಗೆ ಸೋಂಕು ತಗಲುತ್ತದೆ. ಹೆಪಟೈಟಿಸ್ ಸಿ ಆದರೆ ನೂರಕ್ಕೆ ಸುಮಾರು 2. ಹೆಪಟೈಟಿಸ್ ಬಿ ಆದರೆ, ಲಸಿಕೆ ಹಾಕಿಸಿಕೊಳ್ಳದವರಲ್ಲಿ ನೂರಕ್ಕೆ 6ರಿಂದ 30. ಮೇಲಾಗಿ ಈ ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದ ಕಲೆಯಲ್ಲಿಯೂ 7 ದಿನಗಳ ತನಕ ಬದುಕಿರಬಲ್ಲದು. ಸೋಮವಾರದ ಪರಿಷೆಯಲ್ಲಿ ಮೇಜಿಗೆ ಹತ್ತಿದ ಕಲೆ ಭಾನುವಾರದ ಜಾತ್ರೆಯಲ್ಲಿ ಇನ್ನೊಬ್ಬರ ಮೈ ಸೇರಬಹುದು.

ಈ ರೋಗದ ಇನ್ನೊಂದು ಕಪಟವೆಂದರೆ, ಅದು ಕೂಡಲೇ ಕಾಣಿಸಿಕೊಳ್ಳುವುದಿಲ್ಲ. ಒಂದೂವರೆ ತಿಂಗಳಿಂದ ಆರು ತಿಂಗಳು ಕಳೆದ ಮೇಲೆ ಹಸಿವು ಇಂಗುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತ್ರದ ಬಣ್ಣ ಗಾಢವಾಗುತ್ತದೆ. ಅಷ್ಟು ಹೊತ್ತಿಗೆ ಪರಿಷೆ ಮರೆತುಹೋಗಿರುತ್ತದೆ. "ನೀರು ಕೆಟ್ಟಿರಬೇಕು" ಎಂದು ಬಾವಿಯನ್ನು ದೂರುತ್ತೇವೆ. ಎಷ್ಟೋ ಮಂದಿಗೆ ಕಣ್ಣೂ ಹಳದಿಯಾಗುವುದಿಲ್ಲ. ವರ್ಷಾನುಗಟ್ಟಲೆ ರೋಗ ಒಳಗೇ ಇದ್ದು ಯಕೃತ್ತನ್ನು ತಿನ್ನುತ್ತದೆ. 2009ರಲ್ಲಿ ಗುಜರಾತಿನ ಮೊಡಾಸ ಪ್ರದೇಶದಲ್ಲಿ ಬಳಸಿದ ಸಿರಿಂಜುಗಳನ್ನು ಮತ್ತೆ ಬಳಸಿದ್ದರಿಂದ ಈ ರೋಗ ಹಬ್ಬಿ, ಹಲವಾರು ಮಂದಿ ಪ್ರಾಣ ಕಳೆದುಕೊಂಡರು.

ಇವಲ್ಲದೆ ಧನುರ್ವಾಯು ಇದೆ. ಅದರ ಬೀಜಾಣು ನಮ್ಮ ಹೊಲದ ಮಣ್ಣಿನಲ್ಲಿ, ಕೊಟ್ಟಿಗೆಯ ಸಗಣಿಯಲ್ಲಿ ಇರುತ್ತದೆ. ಕೀವು ತರಿಸುವ ಕ್ರಿಮಿಗಳಂತೂ ಕೊಳಕು ಉಗುರಿನಲ್ಲಿಯೇ ಇರುತ್ತವೆ. ಕಿವಿಯ ಕೆಳಗಿನ ಹಾಲೆಯಲ್ಲಿ ರಕ್ತ ಚೆನ್ನಾಗಿ ಹರಿಯುವುದರಿಂದ ಗಾಯ ಬೇಗ ಮಾಯುತ್ತದೆ. ಕಿವಿಯ ಮೇಲಿನ ಅಂಚು ಹಾಗಲ್ಲ. ಅಲ್ಲಿರುವುದು ರಕ್ತನಾಳವಿಲ್ಲದ ಮೆದು ಎಲುಬು. ಅಲ್ಲಿ ಕೀವು ಸೇರಿದರೆ ಕಿವಿಯ ಆಕಾರವೇ ಮುದುಡಿ ಹೋಗಬಹುದು. ಈಚೆಗೆ ಹುಡುಗಿಯರು ಮೇಲಂಚಿನಲ್ಲಿ ಸಾಲಾಗಿ ಚುಚ್ಚಿಸಿಕೊಳ್ಳುವುದನ್ನು ಕಂಡಿದ್ದೀರಿ. ಅವರಿಗೆ ಈ ಮಾತು ತಿಳಿಸಿರಿ.

ಇಕ್ಕಳ ನೆಲಕ್ಕೆ ಬಿದ್ದ ಕಥೆ

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯ ಬೀದಿಗಳಲ್ಲಿ ಸಾವಿರಾರು ಜನ ಸತ್ತರು. ಗಾಳಿ ಬೆಳಕು ಬರುವ ಅಗಲ ರಸ್ತೆ, ಮನೆಯ ಹಿಂದೆ ಕಸ ಸಾಗಿಸುವ ಓಣಿ ಇರಬೇಕೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದುದು ಆ ಕಾಲದಲ್ಲಿ. ಇಂದು ಹಚ್ಚೆ ಅಂಗಡಿ ಇರುವ ಆ ಬೀದಿಗಳೇ ಶುಚಿತ್ವದ ಪಾಠದಿಂದ ಹುಟ್ಟಿದವು.

ಅದೇ ಪ್ಲೇಗಿನ ಕಾಲದಲ್ಲಿ ಸೂಜಿಯೂ ಒಂದು ಪಾಠ ಕಲಿಸಿತು. ಡಾಕ್ಟರ್ ಹಾಫ್‌ಕಿನ್ ಎಂಬುವರು ಮುಂಬಯಿಯಲ್ಲಿ ಪ್ಲೇಗಿಗೆ ಲಸಿಕೆ ತಯಾರಿಸಿದ್ದರು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಆ ಲಸಿಕೆ ಹಾಕಿದರು. ಅವರಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಲಸಿಕೆಯೇ ಕೆಟ್ಟದ್ದೆಂದು ಹಾಫ್‌ಕಿನ್ ಅವರ ಮೇಲೆ ದೋಷ ಬಂತು. ವರ್ಷಗಳ ವಿಚಾರಣೆಯ ನಂತರ 1907ರಲ್ಲಿ ಅವರು ನಿರ್ದೋಷಿ ಎಂದಾಯಿತು. ಹಳ್ಳಿಯಲ್ಲಿ ಆ ಬಾಟಲಿಯ ಬಿರಡೆ ತೆಗೆಯುವ ಇಕ್ಕಳ ಕೈತಪ್ಪಿ ನೆಲಕ್ಕೆ ಬಿದ್ದಿತ್ತು. ಸಹಾಯಕ ಅದನ್ನು ಎತ್ತಿ, ಔಷಧದ ನೀರಿನಲ್ಲಿ ಅಲುಗಿಸಿ, ಅದರಿಂದಲೇ ಬಾಟಲಿ ತೆರೆದಿದ್ದ. ಅವನು ಕೆಟ್ಟವನಲ್ಲ. ತೊಳೆದರೆ ಸಾಕೆಂದುಕೊಂಡಿದ್ದ, ಅಷ್ಟೆ.

ತೊಳೆಯುವುದು ಬೇರೆ, ಕ್ರಿಮಿಶುದ್ಧಿ ಬೇರೆ

ತೊಳೆದರೆ ಕಣ್ಣಿಗೆ ಕಾಣುವ ಕೊಳೆ ಹೋಗುತ್ತದೆ. ಇದು ಅವಶ್ಯ, ಆದರೆ ಸಾಲದು. ಸ್ಪಿರಿಟ್ಟಿನಿಂದ ಒರೆಸಿದರೆ ಎಷ್ಟೋ ಕ್ರಿಮಿಗಳು ಸಾಯುತ್ತವೆ. ಧನುರ್ವಾಯುವಿನ ಬೀಜಾಣು ಸಾಯುವುದಿಲ್ಲ. ನೀರಿನಲ್ಲಿ ಕುದಿಸಿದರೂ ಅದು ಪೂರ್ತಿ ಸಾಯುವುದೆಂದು ನಂಬುವಂತಿಲ್ಲ. ಅಲ್ಲದೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 97 ಡಿಗ್ರಿ ಸೆಂಟಿಗ್ರೇಡಿನಲ್ಲೇ ಕುದಿಯುತ್ತದೆ.

ಹಾಗಾದರೆ ಉಪಾಯವೇನು? ಅಡಿಗೆಮನೆಯ ಪ್ರೆಶರ್ ಕುಕ್ಕರನ್ನು ನೋಡಿರಿ. ತೆರೆದ ಪಾತ್ರೆಯಲ್ಲಿ ಬೇಯದ ಅವರೆಕಾಳು ಅದರಲ್ಲಿ ಬೇಗ ಬೇಯುತ್ತದೆ. ಹಬೆಯನ್ನು ಹೊರಗೆ ಬಿಡದೆ ಒತ್ತಡದಲ್ಲಿ ಹಿಡಿದಿಟ್ಟರೆ ಬಿಸಿ ಹೆಚ್ಚುತ್ತದೆ. ಆಸ್ಪತ್ರೆಯ ಆಟೋಕ್ಲೇವ್ ಯಂತ್ರ ಇದೇ ತತ್ತ್ವದಿಂದ ಕೆಲಸ ಮಾಡುತ್ತದೆ. ಅದರೊಳಗೆ 121 ಡಿಗ್ರಿಯ ಹಬೆಯಲ್ಲಿ ಕನಿಷ್ಠ 15 ನಿಮಿಷ, ಪೊಟ್ಟಣ ಕಟ್ಟಿದ ಸಾಮಾನಾದರೆ ಅರ್ಧ ಗಂಟೆ ಇಟ್ಟರೆ ಬೀಜಾಣುಗಳೂ ಸಾಯುತ್ತವೆ. ಒಳಗೆ ಬಿಸಿ ಸಾಕಷ್ಟು ಏರಿತೆಂದು ತೋರಿಸಲು ಪೊಟ್ಟಣದ ಮೇಲಿನ ಪಟ್ಟಿ ಬಣ್ಣ ಬದಲಿಸುತ್ತದೆ. ನೀಲಿ ಬೆಳಕಿನ ಗಾಜಿನ ಪೆಟ್ಟಿಗೆಯಲ್ಲಿ ಸಾಮಾನು ಇಟ್ಟು ತೋರಿಸಿದರೆ ಅದನ್ನು ಕ್ರಿಮಿಶುದ್ಧಿಯೆಂದು ತಿಳಿಯಬೇಡಿರಿ. ಬೆಳಕು ಬಿದ್ದ ಕಡೆ ಮಾತ್ರ ಅದರ ಪ್ರಭಾವ. ಸೂಜಿಯ ಸಂದಿಗೆ ಅದು ಇಳಿಯುವುದಿಲ್ಲ.

ಸೂಜಿಯ ವಿಷಯದಲ್ಲಿ ಮಾತ್ರ ಇಷ್ಟು ಲೆಕ್ಕವೇ ಬೇಡ. ಕಾರ್ಖಾನೆಯಲ್ಲಿ ಶುದ್ಧಿ ಮಾಡಿ ಪೊಟ್ಟಣ ಕಟ್ಟಿದ ಸೂಜಿ ಬೇಕಾದಷ್ಟು ಸಿಗುತ್ತದೆ. ಒಂದು ಸೂಜಿ ಒಂದೇ ಮೈಗೆ. ಆಮೇಲೆ ಅದು ಕಸ. ಇದೊಂದು ನಿಯಮವನ್ನು ಮನೆಯ ಬಾಗಿಲ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ.

ಅಂಗಡಿಯಲ್ಲಿ ಏನನ್ನು ನೋಡಬೇಕು?

1. ಕೈ. ಕೆಲಸಗಾರ ಸಾಬೂನಿನಿಂದ ಕೈ ತೊಳೆದು ಹೊಸ ಕೈಗವಸು ಹಾಕಿಕೊಳ್ಳಬೇಕು. ಅದೇ ಕೈಗವಸಿನಲ್ಲಿ ಫೋನು ಹಿಡಿದರೆ, ಹಣ ಎಣಿಸಿದರೆ, ಅದನ್ನು ತೆಗೆದು ಬೇರೆ ಹಾಕಿಕೊಳ್ಳುವಂತೆ ಹೇಳಿರಿ.

2. ಸೂಜಿ. ಪೊಟ್ಟಣವನ್ನು ನಿಮ್ಮ ಕಣ್ಣೆದುರಿಗೆ ಒಡೆಯಬೇಕು. ಅದರ ಮೇಲಿನ ದಿನಾಂಕ ಮೀರಿರಬಾರದು, ಪೊಟ್ಟಣ ಹರಿದಿರಬಾರದು, ಒದ್ದೆಯಾಗಿರಬಾರದು.

3. ಬಣ್ಣ. ದೊಡ್ಡ ಬಾಟಲಿಗೆ ಸೂಜಿ ಅದ್ದಬಾರದು. ನಿಮಗೆಂದು ಚಿಕ್ಕ ಬಟ್ಟಲಿಗೆ ಸುರಿದು, ಉಳಿದುದನ್ನು ಚೆಲ್ಲಬೇಕು. ತೆಳ್ಳಗೆ ಮಾಡಲು ನಲ್ಲಿಯ ನೀರು ಬೆರೆಸಬಾರದು. ಸೂಜಿ ಹೊಸದಾಗಿದ್ದು ಬಣ್ಣದ ಬಟ್ಟಲು ಹಳೆಯದಾದರೆ ಫಲವೇನು?

4. ಯಂತ್ರ ಮತ್ತು ಮೇಜು. ಯಂತ್ರದ ಹಿಡಿ, ತಂತಿ, ದೀಪದ ಕೊಂಡಿಗಳಿಗೆ ಹೊಸ ಪ್ಲಾಸ್ಟಿಕ್ ಹೊದಿಕೆ ಸುತ್ತಿರಬೇಕು. ಒಬ್ಬರು ಎದ್ದ ಕೂಡಲೇ ಹೊದಿಕೆ ತೆಗೆದು, ಮೇಜನ್ನು ಕ್ರಿಮಿನಾಶಕದಿಂದ ಒರೆಸಬೇಕು. ಕೂದಲು ತೆಗೆಯುವ ಬ್ಲೇಡು ಹೊಸದಾಗಿರಬೇಕು.

5. ಡಬ್ಬಿ. ಬಳಸಿದ ಸೂಜಿಯನ್ನು ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಿಗೆ ಹಾಕಬೇಕು. ಅಂತಹ ಡಬ್ಬಿಯೇ ಇಲ್ಲದ ಅಂಗಡಿಯಲ್ಲಿ ಸೂಜಿಗಳು ಎಲ್ಲಿಗೆ ಹೋಗುತ್ತವೆಂದು ಯೋಚಿಸಿರಿ.

6. ಕಿವಿ ಚುಚ್ಚುವ ಪಿಸ್ತೂಲು. ಪ್ಲಾಸ್ಟಿಕ್ ಪಿಸ್ತೂಲನ್ನು ಆಟೋಕ್ಲೇವಿನಲ್ಲಿ ಇಡಲಾಗುವುದಿಲ್ಲ. ಮೈಗೆ ತಾಗುವ ಭಾಗ ಪ್ರತಿಯೊಬ್ಬರಿಗೂ ಬದಲಾಗುವಂತಹುದಾದರೆ ಕಿವಿಯ ಹಾಲೆಗೆ ಬಳಸಬಹುದು. ಕಿವಿಯ ಮೇಲಂಚಿಗೆ, ಮೂಗಿಗೆ ಬೇಡ. ಅದು ಮೆದು ಎಲುಬನ್ನು ಜಜ್ಜುತ್ತದೆ.

ಗೋಡೆಯ ಮೇಲೆ ತೂಗುಹಾಕಿದ ವ್ಯಾಪಾರದ ಪರವಾನಗಿಯೊಂದೇ ಸೂಜಿಯ ಶುದ್ಧಿಗೆ ಸಾಕ್ಷಿಯಾಗದು. ಬಣ್ಣದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. 2025ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತೆ ಮತ್ತು ಔಷಧ ಆಡಳಿತ ಇಲಾಖೆಯವರು ಹಚ್ಚೆಯ ಬಣ್ಣಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ 22 ಬಗೆಯ ಲೋಹಗಳು ಕಂಡುಬಂದವು. ಬಣ್ಣಗಳಿಗೆ ಮಾನದಂಡ ಗೊತ್ತುಪಡಿಸುವಂತೆ ಕೇಂದ್ರ ಸರಕಾರವನ್ನು ಕೋರುವುದಾಗಿ ಆರೋಗ್ಯ ಸಚಿವರು ಆಗ ಪ್ರಕಟಿಸಿದರು. ಯೂರೋಪಿನ ದೇಶಗಳು 2022ರಿಂದಲೇ ಹಚ್ಚೆಯ ಬಣ್ಣದಲ್ಲಿ 4,000ಕ್ಕೂ ಹೆಚ್ಚು ರಾಸಾಯನಿಕಗಳಿಗೆ ಮಿತಿ ಹಾಕಿವೆ. ಹೆಸರು, ತಯಾರಕರ ವಿಳಾಸ, ದಿನಾಂಕ ಯಾವುದೂ ಇಲ್ಲದ ಬಾಟಲಿಯ ಬಣ್ಣವನ್ನು ಮೈಗೆ ಸೇರಿಸಬೇಡಿರಿ. ಚೀಟಿ ಇಲ್ಲದ ಕೀಟನಾಶಕವನ್ನು ನೀವು ಪೈರಿಗೆ ಹೊಡೆಯುತ್ತೀರಾ?

ಸೂಜಿ ಹಿಡಿದವನಿಗೂ ಪ್ರಾಣವಿದೆ

ಚುಚ್ಚಿಸಿಕೊಳ್ಳುವವನು ವರ್ಷಕ್ಕೊಮ್ಮೆ ಸೂಜಿಯ ಮುಂದೆ ಕೂರುತ್ತಾನೆ. ಚುಚ್ಚುವವನು ದಿನವೂ ಕೂರುತ್ತಾನೆ. ನಿಮ್ಮ ಮಗನೋ ತಮ್ಮನೋ ಇಂತಹ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದರೆ ಈ ಭಾಗವನ್ನು ಅವನಿಗೆ ಓದಿ ಹೇಳಿರಿ.

ಮೊದಲನೆಯದು, ಕೆಲಸ ಕಲಿಯುವ ಮೊದಲು ಹೆಪಟೈಟಿಸ್ ಬಿ ಲಸಿಕೆ. ಮೊದಲ ದಿನ ಒಂದು, ತಿಂಗಳ ನಂತರ ಒಂದು, ಆರನೆಯ ತಿಂಗಳಿಗೆ ಒಂದು, ಹೀಗೆ ಮೂರು ಚುಚ್ಚುಮದ್ದು. 2011ರ ಹೊತ್ತಿಗೆ ಈ ಲಸಿಕೆ ದೇಶದ ಎಲ್ಲ ಕಡೆ ಮಕ್ಕಳ ಲಸಿಕೆಯ ಪಟ್ಟಿಗೆ ಸೇರಿತು. ಅದಕ್ಕೆ ಮೊದಲು ಹುಟ್ಟಿದ ಎಷ್ಟೋ ತರುಣರಿಗೆ ಅದು ಸಿಕ್ಕಿರಲಾರದು. ಹೆಪಟೈಟಿಸ್ ಸಿಗೂ ಎಚ್.ಐ.ವಿ.ಗೂ ಲಸಿಕೆಯಿಲ್ಲ ಎಂಬುದನ್ನೂ ಮರೆಯಬಾರದು.

ಎರಡನೆಯದು, ಬಳಸಿದ ಸೂಜಿಗೆ ಮತ್ತೆ ಮುಚ್ಚಳ ತೊಡಿಸಬಾರದು. ಎಷ್ಟೋ ಸಲ ಬೆರಳಿಗೆ ಚುಚ್ಚುವುದು ಆಗಲೇ. ಸೂಜಿ ನೇರವಾಗಿ ಡಬ್ಬಿಗೆ ಹೋಗಲಿ. ಡಬ್ಬಿ ಮುಕ್ಕಾಲು ತುಂಬಿದೊಡನೆ ಮುಚ್ಚಿ, ವೈದ್ಯಕೀಯ ಕಸ ಒಯ್ಯುವವರಿಗೆ ಕೊಡಬೇಕು. ಮನೆಯ ಕಸದೊಡನೆ ಬೀದಿಗೆ ಎಸೆದರೆ ಬೆಳಗಾಗುತ್ತಲೇ ಅದು ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಅವರೂ ಯಾರದೋ ಮನೆಯ ಮಕ್ಕಳು.

ಮೂರನೆಯದು, ಕೆಲಸ ಮಾಡುವ ಜಾಗದಲ್ಲಿ ತಿಂಡಿ, ಚಹಾ, ಎಲೆಅಡಿಕೆ ಬೇಡ. ಕೈಯಲ್ಲಿ ಗಾಯವಿದ್ದರೆ ಪಟ್ಟಿ ಕಟ್ಟಿ, ಮೇಲೆ ಕೈಗವಸು ಹಾಕಿರಲಿ.

ನಾಲ್ಕನೆಯದು ಬಹಳ ಮುಖ್ಯ. ಎಷ್ಟು ಜಾಗ್ರತೆಯಿಂದಿದ್ದರೂ ಸೂಜಿ ಚುಚ್ಚಿಬಿಟ್ಟರೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆಯಬೇಕು. ಬೆರಳನ್ನು ಹಿಂಡಬಾರದು, ಬಾಯಿಗಿಟ್ಟು ಚೀಪಬಾರದು, ಸ್ಪಿರಿಟ್ಟು ತಿಕ್ಕಬಾರದು. ಕೂಡಲೇ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಆಸ್ಪತ್ರೆ, ಕೋಟೆಯ ಬಳಿ ವಿಕ್ಟೋರಿಯಾ ಆಸ್ಪತ್ರೆ ಇವೆ. ಎಚ್.ಐ.ವಿ. ತಗಲದಂತೆ ತಡೆಯುವ ಮಾತ್ರೆಗಳನ್ನು ಎರಡು ಗಂಟೆಯೊಳಗೆ ಆರಂಭಿಸುವುದು ಉತ್ತಮ. 72 ಗಂಟೆ ಮೀರಿದರೆ ಪ್ರಯೋಜನವಿಲ್ಲ. ಮಾತ್ರೆಯನ್ನು 28 ದಿನ ಬಿಡದೆ ನುಂಗಬೇಕು. ಯಜಮಾನರು ಬೈದಾರೆಂದು ಮುಚ್ಚಿಡುವವನು ತನ್ನ ಹೆಂಡತಿ ಮಕ್ಕಳಿಗೂ ಅಪಾಯ ತಂದುಕೊಳ್ಳುತ್ತಾನೆ. ಎಚ್.ಐ.ವಿ. ಬಗ್ಗೆ ಗುಟ್ಟಾಗಿ ಕೇಳಿ ತಿಳಿಯಲು 1097 ಎಂಬ ಉಚಿತ ದೂರವಾಣಿ ಇದೆ.

ಮಗುವಿನ ಕಿವಿ

ಕಿವಿ ಚುಚ್ಚುವ ಶಾಸ್ತ್ರವನ್ನು ಕೆಲವು ಮನೆಗಳಲ್ಲಿ ನಾಮಕರಣದ ದಿನವೇ ಮಾಡುತ್ತಾರೆ. ತಾಯಂದಿರೇ, ಸ್ವಲ್ಪ ತಾಳಿರಿ. ಮಗುವಿಗೆ ಹುಟ್ಟಿದೊಡನೆ ಹೆಪಟೈಟಿಸ್ ಬಿ ಚುಚ್ಚುಮದ್ದು ಸಿಗುತ್ತದೆ. ಆಮೇಲೆ 6, 10 ಮತ್ತು 14ನೆಯ ವಾರಗಳಲ್ಲಿ ಧನುರ್ವಾಯು, ಹೆಪಟೈಟಿಸ್ ಬಿ ಸೇರಿದಂತೆ ಐದು ರೋಗಗಳ ಲಸಿಕೆ ಸಿಗುತ್ತದೆ. ಈ ಮೂರೂ ಮುಗಿದು ಒಂದೆರಡು ವಾರ ಕಳೆದ ಮೇಲೆ ಒಳ್ಳೆಯ ದಿನ ನೋಡಿರಿ. ಆರೇಳು ತಿಂಗಳಿನಲ್ಲಿ ಕಿವಿ ಚುಚ್ಚುವ ಪದ್ಧತಿಯೂ ನಮ್ಮಲ್ಲಿ ಉಂಟು.

ಅಕ್ಕಸಾಲಿಗರು ಪಳಗಿದ ಕೈಯವರು. ಆದರೂ ಕೇಳಬೇಕಾದುದನ್ನು ಕೇಳಲೇಬೇಕು. ಕೇಳುವುದು ಹೇಗೆಂದು ಸಂಕೋಚವೇ? ಹೀಗೆ ಕೇಳಿರಿ:

"ಅಣ್ಣಾ, ಈ ಸೂಜಿ ಹೊಸದಾ?"

"ಬೆಳಗ್ಗೆ ತೊಳೆದಿಟ್ಟಿದ್ದೀನಮ್ಮಾ, ಸ್ಪಿರಿಟ್ಟಲ್ಲಿ ಒರೆಸಿದ್ದೀನಿ."

"ಅಷ್ಟು ಸಾಲದು ಅಣ್ಣಾ. ಪಕ್ಕದ ಔಷಧದ ಅಂಗಡಿಯಿಂದ ಪೊಟ್ಟಣದ ಸೂಜಿ ತಂದಿದ್ದೀನಿ, ಇದರಲ್ಲೇ ಚುಚ್ಚಿ. ಓಲೆಯನ್ನೂ ಶುದ್ಧಿ ಮಾಡಿ, ಕೈ ತೊಳೆದುಕೊಂಡು ಹಾಕಿಕೊಡಿ."

ಒಳ್ಳೆಯ ಕೆಲಸಗಾರ ಇದಕ್ಕೆ ಕೋಪಿಸಿಕೊಳ್ಳುವುದಿಲ್ಲ. ಕೋಪಿಸಿಕೊಂಡರೆ ಎದ್ದು ಬನ್ನಿರಿ. ಮುಹೂರ್ತ ಮತ್ತೆ ಸಿಗುತ್ತದೆ. ಅಗ್ಗದ ಲೋಹದ ಓಲೆಯಲ್ಲಿ ನಿಕ್ಕಲ್ ಇದ್ದರೆ ಕಿವಿ ಕೆರೆದು ಸೋರುತ್ತದೆ. ಚಿನ್ನದ ತಂತಿಯೇ ವಾಸಿ. ಗಾಯಕ್ಕೆ ಸಗಣಿ, ಬೂದಿ, ಮಣ್ಣು, ಎಂಜಲು ಯಾವುದನ್ನೂ ತಾಗಿಸಬೇಡಿರಿ. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ, ತೊಳೆದ ಕೈಯಿಂದ ದಿನಕ್ಕೆರಡು ಸಲ ಒರೆಸಿದರೆ ಸಾಕು.

ಹಾಕಿಸಿಕೊಂಡ ಮೇಲೆ

ಪಟ್ಟಣದವನು ಹಚ್ಚೆ ಹಾಕಿಸಿಕೊಂಡು ಕುರ್ಚಿಯ ಕೆಲಸಕ್ಕೆ ಹೋಗುತ್ತಾನೆ. ನಾವು ಕೊಟ್ಟಿಗೆಗೆ ಹೋಗುತ್ತೇವೆ. ಆದುದರಿಂದ ನಮಗೆ ಜಾಗ್ರತೆ ಹೆಚ್ಚು ಬೇಕು. ಗಾಯ ಮಾಯುವವರೆಗೆ, ಎಂದರೆ ಎರಡು ಮೂರು ವಾರ, ಆ ಕೈಯಿಂದ ಸಗಣಿ ಬಾಚುವುದು, ಗೊಬ್ಬರ ಹರಡುವುದು, ಔಷಧಿ ಸಿಂಪಡಿಸುವುದು ಬೇಡ. ಕೆರೆ, ಬಾವಿಯಲ್ಲಿ ಈಜಬಾರದು. ನಾಟಿ, ಕಟಾವಿನ ದಿನಗಳಲ್ಲಿ ಹಚ್ಚೆಯ ಆಸೆಯನ್ನು ಮುಂದೂಡಿರಿ. ಧನುರ್ವಾಯುವಿನ ಟಿ.ಡಿ. ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷವಾಗಿದ್ದರೆ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕಿಸಿಕೊಳ್ಳಿರಿ.

ಮೊದಲೆರಡು ದಿನ ಕೆಂಪಾಗಿ ಉರಿಯುವುದು ಸಹಜ. ಕೆಂಪು ಹರಡುತ್ತ ಹೋದರೆ, ಕೀವು ಬಂದರೆ, ಜ್ವರ ಬಂದರೆ, ದವಡೆ ಬಿಗಿದುಕೊಂಡರೆ ಮನೆಮದ್ದು ಮಾಡುತ್ತ ಕೂರದೆ ಡಾಕ್ಟರರ ಬಳಿಗೆ ಹೋಗಿರಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಬಸುರಿಯರು, ಹಳೆಯ ಗಾಯ ಗಂಟಾಗಿ ಉಬ್ಬುವ ಮೈಯವರು ಹಚ್ಚೆಗೆ ಹೋಗದಿರುವುದೇ ಲೇಸು. ಹಚ್ಚೆ ಹಾಕಿಸಿದ ಮೇಲೆ 12 ತಿಂಗಳು ರಕ್ತದಾನ ಮಾಡುವಂತಿಲ್ಲ. ಸೈನ್ಯಕ್ಕೆ ಸೇರಬೇಕೆಂದಿರುವ ಹುಡುಗರು ನೇಮಕಾತಿಯ ಪ್ರಕಟಣೆಯನ್ನು ಮೊದಲು ಓದಿರಿ. ಮೈಯ ಎಲ್ಲ ಭಾಗದ ಹಚ್ಚೆಗೂ ಅಲ್ಲಿ ಒಪ್ಪಿಗೆಯಿಲ್ಲ.

ಹಿಂದೆಂದೋ ಜಾತ್ರೆಯಲ್ಲಿ ಹಾಕಿಸಿಕೊಂಡು ಈಗ ಅಂಜಿಕೆಯಾಗುತ್ತಿದ್ದರೆ ಕೊರಗಬೇಡಿರಿ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ವಿಷಯ ವಿಚಾರಿಸಿರಿ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಚಿಕಿತ್ಸೆ ಉಚಿತ. ಹೆಪಟೈಟಿಸ್ ಸಿ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಿಂದ ಗುಣವಾಗುತ್ತದೆ. ಹೆಪಟೈಟಿಸ್ ಬಿಯನ್ನು ಹತೋಟಿಯಲ್ಲಿಡಲು ಔಷಧಿಗಳಿವೆ.

ಕೇಳುವುದು ಅವಮಾನವಲ್ಲ

ನಾವು ಹಳ್ಳಿಯವರು. ಪಟ್ಟಣದ ಅಂಗಡಿಯ ಗಾಜಿನ ಬಾಗಿಲು ದಾಟಿದೊಡನೆ ಬಾಯಿ ಕಟ್ಟುತ್ತದೆ. "ಇಷ್ಟು ದೊಡ್ಡ ಅಂಗಡಿ, ಇವರಿಗೆ ಗೊತ್ತಿಲ್ಲವೇ" ಎಂದುಕೊಂಡು ಕೈ ಚಾಚುತ್ತೇವೆ. ಆದರೆ ಬಿತ್ತನೆ ಬೀಜ ಕೊಳ್ಳುವಾಗ ಚೀಲದ ನೀಲಿ ಚೀಟಿ ನೋಡದೆ ಹಣ ಕೊಡುವವರು ನಾವಲ್ಲ. ಹೋರಿ ಕೊಳ್ಳುವಾಗ ಹಲ್ಲು ನೋಡುತ್ತೇವೆ, ನಡೆಸಿ ನೋಡುತ್ತೇವೆ, ಸುಳಿ ನೋಡುತ್ತೇವೆ. ಆಗ ಮಾರುವವನಿಗೆ ಅವಮಾನವಾಯಿತೆಂದು ಯಾರೂ ತಿಳಿಯುವುದಿಲ್ಲ. ನಮ್ಮ ಮೈಗೆ, ಮಗುವಿನ ಮೈಗೆ ಇಳಿಯುವ ಸೂಜಿಯನ್ನು ನೋಡುವುದಕ್ಕೆ ಸಂಕೋಚವೇಕೆ?

ನಿಮ್ಮ ಊರಿನ ಜಾತ್ರೆ ಬರುವ ಮೊದಲು ಗ್ರಾಮ ಪಂಚಾಯತಿಯ ಸಭೆಯಲ್ಲಿ ಈ ವಿಷಯ ಎತ್ತಿರಿ. ಹಚ್ಚೆ ಹಾಕುವವರು ಬಂದರೆ ಹೊಸ ಸೂಜಿ, ಸೂಜಿಯ ಡಬ್ಬಿ, ಕೈತೊಳೆಯುವ ನೀರು ಸಾಬೂನು ಇಲ್ಲದೆ ಕೂರುವಂತಿಲ್ಲವೆಂದು ನಿಯಮ ಮಾಡಿರಿ. ಅವರನ್ನು ಓಡಿಸಿ ಹೊಟ್ಟೆಗೆ ಹೊಡೆಯುವುದು ಬೇಡ. ಆಶಾ ಕಾರ್ಯಕರ್ತೆಯರು ಒಮ್ಮೆ ಹೋಗಿ ತಿಳಿಯ ಹೇಳಿದರೆ, ಅವರ ಪ್ರಾಣವೂ ಉಳಿದೀತು, ನಮ್ಮದೂ ಉಳಿದೀತು.

ಓದಿದವರು ಯೋಚಿಸಿ ಚರ್ಚಿಸಿರಿ

1. ಹೊಳೆಯುವ ಸೂಜಿ ಶುದ್ಧವಾದ ಸೂಜಿಯೇ? ಅಲ್ಲವೆಂದರೆ ಏಕೆ?

2. ಮುಲ್ಕೋವಾಲಿನಲ್ಲಿ ಸಹಾಯಕ ಮಾಡಿದ ತಪ್ಪೇನು? ಅಂತಹುದೇ ತಪ್ಪು ನಮ್ಮ ಊರಿನಲ್ಲಿ ಎಲ್ಲಿ ನಡೆಯುತ್ತಿದೆ? ಕ್ಷೌರದ ಬ್ಲೇಡು, ದನಗಳಿಗೆ ಕಿವಿಯೋಲೆ ಹಾಕುವ ಇಕ್ಕಳ, ಪಶುಗಳಿಗೆ ಮದ್ದು ಚುಚ್ಚುವ ಸೂಜಿ ಇವನ್ನು ನೆನಪಿಸಿಕೊಳ್ಳಿರಿ.

3. ನಿಮ್ಮ ಮನೆಯಲ್ಲಿ ಯಾರ ಯಾರಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿದೆ? ತಾಯಿ ಕಾರ್ಡುಗಳನ್ನು ತೆಗೆದು ನೋಡಿರಿ.

ಈ ಪಾಠವನ್ನು ಓದಲು ಬಾರದವರಿಗೆ ಓದಿ ಹೇಳಿರಿ. ಮುಂದಿನ ಕಾರ್ತಿಕಕ್ಕೆ ಪರಿಷೆಗೆ ಗಾಡಿ ಹೊರಡುವ ಮೊದಲು ಇನ್ನೊಮ್ಮೆ ನೆನಪು ಮಾಡಿರಿ.